ನೀರು ಬಿದ್ದರೆ ಮರ ಓಡುತ್ತದೆ

ನಮ್ಮ ಶಾಲೆಯ ಆಟದ ಮೇಷ್ಟ್ರನ್ನು ಎಲ್ಲರೂ ಸೀಟಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿತ್ತು. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ ಎಂದು ನಾನೊಮ್ಮೆ ಅವರ ಹೆಂಡತಿಯನ್ನು ಕೇಳಿದ್ದೆ. ತೆಗೆದು ಸೋಪಿನ ಡಬ್ಬಿಯಲ್ಲಿಡುತ್ತಾರೆ, ಆಮೇಲೆ ಶಾಲೆಯಲ್ಲಿ ಊದಿದಾಗ ನೊರೆ ಬರುತ್ತದೆ ಎಂದು ಆಕೆ ನಗದೆ ಹೇಳಿದರು. ನಾನು ಅವರ ಪಕ್ಕದ ಮನೆಯವನು, ಅದೇ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ನನ್ನ ಅಕ್ಷರ ದುಂಡಗಿರುವುದರಿಂದ ಶಾಲೆಯಿಂದ ಹೊರಗೆ ಹೋಗುವ ಕಾಗದವೆಲ್ಲ ನನ್ನ ಕೈಯಿಂದಲೇ ಹೋಗುತ್ತಿತ್ತು. ಈ ಕಥೆಯಲ್ಲಿ ನನ್ನ ಪಾಲು ಅಷ್ಟೇ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಸೀಟಿ ಮೇಷ್ಟ್ರು ಪ್ರಾಮಾಣಿಕ ಮನುಷ್ಯ, ಆದರೆ ಎಡವಟ್ಟು. ಒಮ್ಮೆ ಓಟದ ಸ್ಪರ್ಧೆಗೆ ಸುಣ್ಣದಲ್ಲಿ ಗುರಿಯ ಗೆರೆ ಎಳೆದು, ಎಳೆದ ಜಾಗದಲ್ಲೇ ಮಕ್ಕಳನ್ನು ನಿಲ್ಲಿಸಿ ಸೀಟಿ ಊದಿಬಿಟ್ಟರು. ಮಕ್ಕಳು ಗುರಿಯಿಂದ ಶುರುಮಾಡಿ ಗೇಟು ದಾಟಿ ಎರಡನೇ ಬೀದಿಯವರೆಗೆ ಓಡಿದರು. ಅವರನ್ನು ಹುಡುಕಿ ತರುವಷ್ಟರಲ್ಲಿ ಅತಿಥಿಗಳು ಬಹುಮಾನಗಳನ್ನು ಮೇಜಿನ ಮೇಲಿಟ್ಟು ಮನೆಗೆ ಹೋಗಿದ್ದರು.

ಅವರು ಹನ್ನೊಂದು ವರ್ಷದಿಂದ ತಾತ್ಕಾಲಿಕ. ಹಾಗೆಂದರೇನು ಎಂದು ತಿಳಿಯದ ಪುಣ್ಯವಂತರಿಗಾಗಿ ಹೇಳುತ್ತೇನೆ. ಪ್ರತಿ ವರ್ಷ ಪರೀಕ್ಷೆ ಮುಗಿದ ಮರುದಿನ ‘ನಿಮ್ಮ ಸೇವೆ ಇಂದಿಗೆ ಮುಕ್ತಾಯವಾಗಿದೆ’ ಎಂದು ಒಂದು ಕಾಗದ ಬರುತ್ತದೆ. ಎರಡು ತಿಂಗಳ ರಜೆ ಕಳೆದ ಮೇಲೆ ‘ನಿಮ್ಮನ್ನು ನೇಮಿಸಲಾಗಿದೆ’ ಎಂದು ಇನ್ನೊಂದು ಕಾಗದ ಬಂದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಹನ್ನೊಂದು ಸಲ ಅವರ ಕೆಲಸ ಹೋಗಿತ್ತು, ಹನ್ನೊಂದು ಸಲ ಬಂದಿತ್ತು. ಕೆಲಸ ಹೋದ ಕಾಗದಗಳನ್ನೆಲ್ಲ ಅವರ ಹೆಂಡತಿ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಸವಿಯ ಪ್ರಕಾರ ಜೋಡಿಸಿಟ್ಟಿದ್ದರು. ಗಂಡ ಧ್ವನಿ ಏರಿಸಿದ ದಿನ ಬೀರುವಿನ ಬಾಗಿಲು ಸುಮ್ಮನೆ ಕಿರ್‍ ಎನ್ನಿಸಿದರೆ ಸಾಕು, ಧ್ವನಿ ಇಳಿಯುತ್ತಿತ್ತು. ಕಾಯಂ ಆಗಬೇಕು ಎನ್ನುವುದನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಆಸೆಯೇ ಇರಲಿಲ್ಲ.

ಆ ವರ್ಷ ಶಿಕ್ಷಣ ಇಲಾಖೆಯ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತು. ಅದು ಶಾಲೆಗೆ ತಲುಪುವ ಎರಡು ದಿನ ಮೊದಲೇ ಸೀಟಿ ಮೇಷ್ಟ್ರ ಭಾವಮೈದ ಅದರ ಸಾರವನ್ನು ತಂದು ಮುಟ್ಟಿಸಿದ. ಅವನು ಕಚೇರಿಯ ಟಪಾಲು ವಿಭಾಗದ ಗುಮಾಸ್ತ. ಯಾವ ಕಾಗದವನ್ನೂ ವಿಳಾಸದಾರರಿಗಿಂತ ಮೊದಲು ಓದುವುದು ಅವನ ಕರ್ತವ್ಯನಿಷ್ಠೆ. ಇನ್ನು ಮುಂದೆ ಒಂದು ಮತ್ತು ಎರಡನೇ ತರಗತಿಯ ಮಕ್ಕಳನ್ನು ಸುಮ್ಮನೆ ಓಡಿಸುವಂತಿಲ್ಲ, ಪ್ರತಿ ಆಟಕ್ಕೂ ಒಂದು ಥೀಮ್ ಇರಬೇಕು, ಪ್ರತಿ ಆಟದ ಮೇಷ್ಟ್ರು ಸ್ವಂತ ಬುದ್ಧಿಯಿಂದ ಒಂದು ಹೊಸ ಆಟ ಬರೆದು ಕಳಿಸಬೇಕು, ಒಳ್ಳೆಯ ಆಟ ಕಳಿಸಿದವರ ಹೆಸರನ್ನು ಕಾಯಂ ಮಾಡುವ ಪಟ್ಟಿಗೆ ಪರಿಗಣಿಸಲಾಗುವುದು. ಕೊನೆಯ ಸಾಲನ್ನು ಭಾವಮೈದ ಎರಡು ಸಲ ಹೇಳಿದ.

ಸೀಟಿ ಮೇಷ್ಟ್ರು ನಾಲ್ಕು ದಿನ ಸ್ವಂತ ಬುದ್ಧಿಯನ್ನು ಹುಡುಕಿದರು. ಅವರಿಗೆ ಗೊತ್ತಿದ್ದದ್ದು ಮುಟ್ಟಾಟ ಒಂದೇ. ಅದನ್ನಾದರೂ ಅವರು ಕಲಿಸಿದ್ದಲ್ಲ, ಮಕ್ಕಳು ಹುಟ್ಟುವಾಗಲೇ ಕಲಿತು ಬಂದಿರುತ್ತಾರೆ. ಐದನೆಯ ದಿನ ಅವರು ಬಿಳಿ ಹಾಳೆ ಮುಂದಿಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ನಾನು ಪೇಪರ್ ವಾಪಸು ಕೊಡಲು ಹೋದವನು ಅಲ್ಲೇ ಕುರ್ಚಿಯಲ್ಲಿದ್ದೆ. ಅವರ ಮಗಳು ಎರಡನೇ ತರಗತಿಯ ಹುಡುಗಿ, ಕೂತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ತಿರುಗುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಬುಗುರಿ ಎನ್ನುತ್ತಿದ್ದರು. ಮಂಚಕ್ಕೂ ಬೀರುವಿಗೂ ನಡುವೆ ಮೂರು ಸುತ್ತು ಹೊಡೆದು ಬಂದು ಅವಳು ಅಪ್ಪನ ಬೆನ್ನಿಗೆ ಬಡಿದಳು.

“ಅಪ್ಪ ಔಟ್. ಈಗ ನೀನು ಮರ. ಕೈ ಮೇಲೆತ್ತು.”

“ಎಷ್ಟು ಹೊತ್ತೇ?”

“ಅಮ್ಮ ಬಂದು ನೀರು ಹಾಕೋ ತನಕ. ನೀರು ಬಿದ್ರೆ ಮರ ಓಡುತ್ತೆ.”

ಒಳಗೆ ಪಾತ್ರೆ ತೊಳೆಯುತ್ತಿದ್ದ ತಾಯಿ, ಮರ ಎಲ್ಲಾದರೂ ಓಡುವುದುಂಟೇ ಎಂದು ಕೇಳಿದರು.

“ಓಡ್ದೇ ಇದ್ರೆ ನೀರು ಯಾಕೆ ಹಾಕ್ಬೇಕು?” ಎಂದಳು ಬುಗುರಿ.

ಸೀಟಿ ಮೇಷ್ಟ್ರು ಎತ್ತಿದ ಕೈಯನ್ನು ಇಳಿಸದೆ ನನ್ನ ಮುಖ ನೋಡಿದರು. ಅರ್ಧ ಗಂಟೆಯಲ್ಲಿ ಆಟ ಸಿದ್ಧವಾಯಿತು. ಹಳದಿ ಬಟ್ಟೆ ಕಟ್ಟಿಕೊಂಡ ಮಗು ಬಿಸಿಲು. ಅದು ಎಲ್ಲರನ್ನೂ ಅಟ್ಟಿಸಿಕೊಂಡು ಹೋಗಿ ಮುಟ್ಟಬೇಕು. ಮುಟ್ಟಿಸಿಕೊಂಡವರು ಒಣಗಿದ ಮರವಾಗಿ ಕೈ ಮೇಲೆತ್ತಿ ಅಲ್ಲಾಡದೆ ನಿಲ್ಲಬೇಕು. ಹೆಗಲ ಮೇಲೆ ನೀಲಿ ಬಟ್ಟೆ ಹಾಕಿಕೊಂಡ ಇಬ್ಬರು ಮೋಡಗಳು. ಅವರು ಓಡಿಬಂದು ಮರದ ತಲೆ ಮುಟ್ಟಿ ‘ನೀರು’ ಎಂದರೆ ಮರ ಮತ್ತೆ ಓಡಬಹುದು. ಮೂರು ಸಲ ಸೀಟಿ ಊದಿದರೆ ಆಟ ಮುಗಿಯಿತು. ನಾನು ಅದನ್ನು ದುಂಡಗೆ ಬರೆದು ಮೇಲೆ ಎರಡು ಎಲೆ ಬಿಡಿಸಿಕೊಟ್ಟೆ. ‘ಆಟ ರಚಿಸಿದವರು’ ಎನ್ನುವಲ್ಲಿ ಏನು ಬರೆಯಲಿ ಎಂದು ಕೇಳಿದೆ. ಸೀಟಿ ಮೇಷ್ಟ್ರು ಮಗಳ ಕಡೆ ಒಮ್ಮೆ ನೋಡಿ, ಕೆಮ್ಮಿ, ತಮ್ಮ ಹೆಸರೇ ಇರಲಿ ಎಂದರು.

ಮಕ್ಕಳಿಗೆ ಆಟ ಹುಚ್ಚು ಹಿಡಿಸಿತು. ಎರಡು ವಾರ ಆ ಮೈದಾನದಲ್ಲಿ ಕಿವಿ ಇಡುವಂತಿರಲಿಲ್ಲ. ಮೈದಾನದ ಎದುರು ಮನೆಯಲ್ಲಿ ನಿವೃತ್ತ ಹೆಡ್ ಗುಮಾಸ್ತರೊಬ್ಬರಿದ್ದರು. ಗದ್ದಲದ ಬಗ್ಗೆ ವರ್ಷಕ್ಕೆ ನಾಲ್ಕು ಅರ್ಜಿ ಹಾಕುವುದು ಅವರ ಅಭ್ಯಾಸ. ಆ ಎರಡು ವಾರದಲ್ಲೇ ಐದು ಹಾಕಿದರು.

ಇಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಪರಿವೀಕ್ಷಕರು ಹೇಳದೆ ಕೇಳದೆ ಬಂದಿಳಿದರು. ನಮ್ಮಲ್ಲಿ ಯಾರಾದರೂ ದೊಡ್ಡವರು ಬಂದರೆ ಕುರ್ಚಿ ಹಾಕುವುದು, ಮೈಕು ಕಟ್ಟುವುದು, ನಾಯಿ ಓಡಿಸುವುದು ಎಲ್ಲಕ್ಕೂ ಆಟದ ಮೇಷ್ಟ್ರೇ ಆಗಬೇಕು. ಮುಖ್ಯೋಪಾಧ್ಯಾಯಿನಿ, ಅಂದರೆ ನಮ್ಮ ದೊಡ್ಡ ಮೇಡಂ, ಕಿಟಕಿಯಿಂದ ಕೈ ಬೀಸಿದ್ದೇ ತಡ ಸೀಟಿ ಮೇಷ್ಟ್ರು ನಡುವೆ ಆಟ ಬಿಟ್ಟು ಓಡಿದರು. ಓಡುವಾಗ, ಸಾಹೇಬರಿಗೆ ಕುಡಿಯುವ ನೀರು ತರಲು ಇಬ್ಬರು ಮಕ್ಕಳು ಬೇಕು ಎಂದು ಹೊಳೆಯಿತು. ಕಣ್ಣಿಗೆ ಎದ್ದು ಕಂಡದ್ದು ನೀಲಿ ಬಟ್ಟೆಯ ಇಬ್ಬರು. ಮೈದಾನದಲ್ಲಿದ್ದ ಎರಡೇ ಎರಡು ಮೋಡಗಳನ್ನು ಕರೆದುಕೊಂಡು ಹೋಗಿ ಅವರ ಕೈಗೆ ಲೋಟ ಕೊಟ್ಟರು. ಮೂರು ಸಲ ಸೀಟಿ ಊದುವುದು ಮರೆತೇಹೋಯಿತು.

ಇತ್ತ ಬಿಸಿಲನ್ನು ತಡೆಯುವವರಿಲ್ಲ. ಹಳದಿ ಬಟ್ಟೆಯ ಮಗು ಐದೇ ನಿಮಿಷದಲ್ಲಿ ನಲವತ್ತೆರಡು ಮಕ್ಕಳನ್ನೂ ಮುಟ್ಟಿ ಮುಗಿಸಿ, ಇನ್ನು ಮುಟ್ಟಲು ಯಾರೂ ಇಲ್ಲವಾಗಿ, ಗೋಡೆಯ ಹಿಂದಿನ ನೆರಳಿನಲ್ಲಿ ಹೋಗಿ ಮಲಗಿತು. ನಲವತ್ತೆರಡು ಮರಗಳು ಕೈ ಮೇಲೆತ್ತಿ ಮೋಡಕ್ಕಾಗಿ ಕಾಯುತ್ತ ನಿಂತವು.

ಪರಿವೀಕ್ಷಕರು ಬೆಳಗಿನಿಂದ ಮೂರು ಶಾಲೆ ನೋಡಿ ಬಂದಿದ್ದರು. ಒಂದರಲ್ಲಿ ಮಗುವೊಂದು ಅವರ ಕನ್ನಡಕ ಕೇಳಿತ್ತು, ಇನ್ನೊಂದರಲ್ಲಿ ಚೆಂಡು ಹೊಟ್ಟೆಗೆ ಬಡಿದಿತ್ತು. ಮೂರನೆಯದರಲ್ಲಿ ಏನಾಯಿತೋ ಅವರು ಯಾರಿಗೂ ಹೇಳಲಿಲ್ಲ. ಅಂಥವರು ನಮ್ಮ ಮೈದಾನದ ಮೆಟ್ಟಿಲಿಳಿದು ನಿಂತಲ್ಲೇ ನಿಂತರು. ಪಿಟ್ಟೆಂಬ ಸದ್ದಿಲ್ಲ, ಮೇಷ್ಟ್ರ ಸುಳಿವಿಲ್ಲ. ಅವರು ಮೆಲ್ಲಗೆ ಮಕ್ಕಳ ನಡುವೆ ನಡೆದರು. ಒಂದು ಮಗುವಿನ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು, ಮಗು ಮಿಸುಕಲಿಲ್ಲ. ಬುಗುರಿಯ ಮೂಗಿನ ಮೇಲೆ ನೊಣ ಕೂತಿತ್ತು. ತಾನೇ ಮಾಡಿದ ನಿಯಮ ನೋಡಿ, ಅವಳು ಮೆಳ್ಳೆಗಣ್ಣಿನಿಂದ ಅದನ್ನು ನೋಡಿದಳೇ ಹೊರತು ಕೈ ಇಳಿಸಲಿಲ್ಲ. ಪರಿವೀಕ್ಷಕರ ಕಣ್ಣು ತುಂಬಿ ಬಂತು.

ಮಕ್ಕಳು ಎಷ್ಟು ಹೊತ್ತಿನಿಂದ ಹೀಗಿದ್ದಾರೆ ಎಂದು ಅವರು ದೊಡ್ಡ ಮೇಡಂ ಅವರನ್ನು ಕೇಳಿದರು. ಯಾವಾಗಲೂ ಹೀಗೇ ಎಂದು ದೊಡ್ಡ ಮೇಡಂ ಕಣ್ಣು ಮಿಟುಕಿಸದೆ ಉತ್ತರಿಸಿದರು. ಅಷ್ಟರಲ್ಲಿ ಸೀಟಿ ಮೇಷ್ಟ್ರು ತಲೆಯ ಮೇಲೆ ಎರಡು ಕುರ್ಚಿ ಹೊತ್ತುಕೊಂಡು ಬಂದರು.

“ಇದು ನಿಮ್ಮ ಪದ್ಧತಿಯೇನ್ರೀ?”

“ಸಾರ್, ಇದು ಓಡೋ ಆಟ,” ಎಂದರು ಸೀಟಿ ಮೇಷ್ಟ್ರು ಕುರ್ಚಿಯ ಕೆಳಗಿನಿಂದ.

“ಎಲ್ಲಿ ಓಡ್ತಿದ್ದಾರೆ?”

“ಈಗ ಓಡ್ತಿಲ್ಲ ಸಾರ್. ಮೋಡಗಳು ನಿಮಗೆ ನೀರು ತರೋಕೆ ಹೋಗಿದಾವೆ.”

ದೊಡ್ಡ ಮೇಡಂ ಹಿಂದಿನಿಂದ ಅವರ ತೋಳು ಚಿವುಟಿದರು. ಪರಿವೀಕ್ಷಕರು ಮಾತ್ರ ಇದನ್ನು ಯಾವುದೋ ಆಳವಾದ ಮಾತು ಎಂದುಕೊಂಡು ಪುಸ್ತಕದಲ್ಲಿ ಬರೆದುಕೊಂಡರು. ನೀವು ಕಾಯಂ ತಾನೆ ಎಂದು ಕೇಳಿದರು. ಹನ್ನೊಂದು ವರ್ಷದಿಂದ ತಾತ್ಕಾಲಿಕ ಎಂದರು ಇವರು. ನೋಡೋಣ ಎಂದರು ಅವರು. ಸೀಟಿ ಮೇಷ್ಟ್ರ ಬಾಯಲ್ಲಿ ಇನ್ನೂ ಒಂದು ವಿವರಣೆ ಉಳಿದಿತ್ತು. ಆ ‘ನೋಡೋಣ’ ಕಿವಿಗೆ ಬಿದ್ದ ಮೇಲೆ ಅದನ್ನು ಗುಳಿಗೆ ನುಂಗುವ ಹಾಗೆ ನುಂಗಿಕೊಂಡು ಕುರ್ಚಿ ಕೆಳಗಿಳಿಸಿದರು.

ಹದಿನೈದು ದಿನದಲ್ಲಿ ‘ವೃಕ್ಷ ಪದ್ಧತಿ’ ಎಂಬ ಹೊಸ ಸುತ್ತೋಲೆ ಎಲ್ಲ ಶಾಲೆಗೂ ಹೋಯಿತು. ಪೋಷಕರ ಸಭೆಯಲ್ಲಿ ದೊಡ್ಡ ಮೇಡಂ ಅದನ್ನು ಓದಿ ಹೇಳಿದರು. ಅಂದಿನಿಂದ ನಮ್ಮ ಬೀದಿಯಲ್ಲಿ ಸೀಟಿ ಮೇಷ್ಟ್ರ ದೆಸೆ ತಿರುಗಿತು. ನಿವೃತ್ತ ಹೆಡ್ ಗುಮಾಸ್ತರು ಹಳೆಯ ಅರ್ಜಿಗಳ ನಕಲನ್ನೆಲ್ಲ ಹರಿದುಹಾಕಿ ಅವರಿಗೆ ತಮ್ಮ ಪೆನ್ನು ಕೊಟ್ಟರು. ಕ್ಷೌರದಂಗಡಿಯವನು ಅವರನ್ನು ಕರೆದು ಕೂರಿಸಿ ಪುಕ್ಕಟೆ ಗಡ್ಡ ಬೋಳಿಸಿದ.

“ಮೊದಲು ಚಿಕ್ಕ ಮಕ್ಕಳ ಕಟಿಂಗು ಅಂದ್ರೆ ಕತ್ತರಿ ಒಂದು ಕಡೆ, ತಲೆ ಒಂದು ಕಡೆ ಮೇಷ್ಟ್ರೇ. ಈಗ ‘ಮರ’ ಅಂದ್ರೆ ಸಾಕು, ಹೆಣದ ಥರ ಕೂರ್ತವೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

ಸೀಟಿ ಮೇಷ್ಟ್ರು ಗಲ್ಲದ ನೊರೆಯೊಳಗಿನಿಂದಲೇ, ಆಮೇಲೆ ಮಕ್ಕಳ ತಲೆ ಮುಟ್ಟಿ ನೀರು ಎನ್ನುತ್ತೀಯೋ ಇಲ್ಲವೋ ಎಂದು ಕೇಳಿದರು. ಅದೇನು ಎಂದು ಕ್ಷೌರದವನು ಕೇಳಿದ.

ಯಾರಿಗೂ ಅದು ಗೊತ್ತಿರಲಿಲ್ಲ. ತಾಯಂದಿರು ಅಡುಗೆ ಮಾಡುವಾಗ ಮಕ್ಕಳನ್ನು ಮರ ಮಾಡಿದರು, ನೆಂಟರು ಬಂದಾಗ ಮರ ಮಾಡಿದರು, ತಮಗೆ ತಲೆನೋವು ಬಂದಾಗ ಮರ ಮಾಡಿದರು. ಮೂಲೆಮನೆಯಾಕೆ ಮಗನನ್ನು ಬಾಗಿಲ ಹಿಂದೆ ಮರ ಮಾಡಿ, ತಂಗಿಯ ಮನೆಗೆ ಹೋಗಿ, ಸಂಜೆ ಬಂದು ಬಾಗಿಲು ತೆಗೆದಾಗ ಮರ ಅಲ್ಲೇ ಇತ್ತಂತೆ. ಆಕೆ ಅದನ್ನು ನಲ್ಲಿಯ ಹತ್ತಿರ ಎಲ್ಲರಿಗೂ ಹೆಮ್ಮೆಯಿಂದ ಹೇಳಿದಳು. ಮರುದಿನ ಆ ಹುಡುಗ ಶಾಲೆಯಲ್ಲಿ ಸೀಟಿ ಮೇಷ್ಟ್ರ ಅಂಗಿ ಜಗ್ಗಿ, ನಮ್ಮನೇಲಿ ಮೋಡ ಯಾರು ಮೇಷ್ಟ್ರೇ ಎಂದು ಕೇಳಿದ. ನಾನು ಪಕ್ಕದಲ್ಲೇ ಇದ್ದೆ. ಸೀಟಿ ಮೇಷ್ಟ್ರು ಸುಮ್ಮನೆ ಅವನ ತಲೆ ಮುಟ್ಟಿದರು. ಆ ದಿನ ಅವರು ಊಟದ ಡಬ್ಬಿ ತೆರೆಯಲಿಲ್ಲ.

ಅವರು ಸುಮ್ಮನೆ ಕೂತರು ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಒಂದು ಶನಿವಾರ ನನ್ನನ್ನು ಕರೆದುಕೊಂಡು ಕಚೇರಿಗೆ ಹೋದರು. ‘ಇದು ಓಡುವ ಆಟ, ನಿಂತದ್ದು ನನ್ನ ತಪ್ಪಿನಿಂದ’ ಎಂದು ನನ್ನ ಕೈಯಲ್ಲೇ ಬರೆಸಿದ ಕಾಗದ ಜೇಬಿನಲ್ಲಿತ್ತು. ಟಪಾಲು ವಿಭಾಗದಲ್ಲಿ ಭಾವಮೈದ ಅದನ್ನು ಓದಿ ಎದೆ ಹಿಡಿದುಕೊಂಡ.

“ಭಾವ, ನಿಮಗೆ ತಲೆ ಕೆಟ್ಟಿದೆಯಾ? ಬಾಯಿ ಮುಚ್ಕೊಂಡಿದ್ರೆ ಕಾಯಂ, ಬಾಯಿ ತೆಗೆದ್ರೆ ಹನ್ನೆರಡನೇ ಕಾಗದ. ಅಕ್ಕನಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?”

ಅಷ್ಟಾದರೂ ಸೀಟಿ ಮೇಷ್ಟ್ರು ನನ್ನೊಡನೆ ಒಳಗೆ ಹೋಗಿ ಕಾಗದವನ್ನು ಪರಿವೀಕ್ಷಕರ ಮುಂದಿಟ್ಟರು. ಅವರು ಓದಿದರು, ತಲೆ ಎತ್ತಿ ನೋಡಿದರು, ಮತ್ತೆ ಓದಿದರು. ಇಷ್ಟು ದೊಡ್ಡ ಸಾಧನೆ ಮಾಡಿ ಅದನ್ನು ತಪ್ಪು ಎಂದು ಹೇಳಿಕೊಳ್ಳುವ ವಿನಯವನ್ನು ಮೂವತ್ತು ವರ್ಷದ ನೌಕರಿಯಲ್ಲಿ ಕಂಡಿಲ್ಲ ಎಂದರು. ಆ ಕಾಗದವನ್ನೂ ಕಡತಕ್ಕೆ ಸೇರಿಸಿ ಕಾಯಂ ಪಟ್ಟಿಗೆ ಶಿಫಾರಸು ಬರೆದರು. ಹೊರಗೆ ಬಂದ ಮೇಲೆ ಸೀಟಿ ಮೇಷ್ಟ್ರು ನನ್ನನ್ನು, ನಾನು ಹೇಳಿದೆನಲ್ಲ, ನೀವೂ ಕೇಳಿಸಿಕೊಂಡಿರಲ್ಲ ಎಂದು ಕೇಳಿದರು. ಕೇಳಿಸಿಕೊಂಡೆ ಎಂದೆ. ಇಬ್ಬರೂ ಚಹಾ ಕುಡಿದು ಮನೆಗೆ ಬಂದೆವು. ಹೇಳುವುದನ್ನು ಹೇಳಿಯಾಯಿತು ಎನ್ನುವ ಸಮಾಧಾನ ಎಂಥ ಹೇಡಿಗೂ ಒಳ್ಳೆಯ ನಿದ್ದೆ ತರುತ್ತದೆ.

ಆಮೇಲೆ ತಿದ್ದುಪಡಿಗಳು ಶುರುವಾದವು. ಅಟ್ಟಿಸಿಕೊಂಡು ಹೋಗುವುದು ಮಕ್ಕಳಲ್ಲಿ ಆಕ್ರಮಣದ ಗುಣ ಬೆಳೆಸುತ್ತದೆ, ಆದ್ದರಿಂದ ಬಿಸಿಲನ್ನು ತೆಗೆಯಿರಿ ಎಂದು ಒಂದು ಪತ್ರ ಬಂತು. ನಾನು ಆಟವನ್ನು ಮತ್ತೊಮ್ಮೆ ದುಂಡಗೆ ಬರೆದೆ. ಓಡಿದರೆ ಬೀಳುವ ಅಪಾಯವಿದೆ, ಓಟವನ್ನು ತೆಗೆಯಿರಿ ಎಂದು ಎರಡನೆಯದು ಬಂತು. ಮತ್ತೆ ಬರೆದೆ. ಇನ್ನೊಬ್ಬರು ಬಂದು ಬಿಡಿಸುತ್ತಾರೆ ಎಂದು ಕಾಯುವುದರಿಂದ ಸ್ವಾವಲಂಬನೆ ಹಾಳಾಗುತ್ತದೆ, ಮೋಡವನ್ನೂ ತೆಗೆಯಿರಿ ಎಂದು ಮೂರನೆಯದು. ಪ್ರತಿ ಸಲವೂ ಬರೆಯುವುದು ಕಡಿಮೆಯಾಗುತ್ತಿದ್ದುದರಿಂದ ನನ್ನ ಕೈಗೆ ಆರಾಮವಾಗಿತ್ತು. ಕೊನೆಯ ಪ್ರತಿಯಲ್ಲಿ ಒಂದೇ ಸಾಲು ಉಳಿಯಿತು: ‘ಮಕ್ಕಳು ಕೈ ಮೇಲೆತ್ತಿ ನಿಲ್ಲುವುದು.’ ಖಾಲಿ ಜಾಗ ಬಹಳ ಉಳಿದಿತ್ತು, ನಾನು ಇನ್ನೂ ನಾಲ್ಕು ಎಲೆ ಬಿಡಿಸಿದೆ.

ಬುಗುರಿ ಒಂದು ಸಂಜೆ ಇದನ್ನು ಪತ್ತೆಹಚ್ಚಿದಳು. ಓದಲು ಹೊಸದಾಗಿ ಕಲಿತವಳು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಆ ಒಂದು ಸಾಲನ್ನು ಓದಿ, ಹಾಳೆ ತಿರುಗಿಸಿ ಹಿಂದೆ ನೋಡಿ, ನನ್ನ ಮೋಡ ಎಲ್ಲಿ ಎಂದು ಅಪ್ಪನನ್ನು ಕೇಳಿದಳು. ಮೋಡ ರಜದ ಮೇಲೆ ಹೋಗಿದೆ ಎಂದರು ಅಪ್ಪ. ಯಾವಾಗ ಬರುತ್ತದೆ ಎಂದಳು. ಕೆಲಸ ಕಾಯಂ ಆಗಲಿ, ಮೊದಲಿನ ಆಟವನ್ನೇ ಆಡಿಸುತ್ತೇನೆ, ಆಮೇಲೆ ನನ್ನನ್ನು ಕೇಳುವವರು ಯಾರು ಎಂದು ಅಪ್ಪ ಹೇಳಿದರು. ಅವರು ಅದನ್ನು ಮನಸಾರೆ ಹೇಳಿದರು ಎಂದೇ ಇವತ್ತಿಗೂ ನನ್ನ ನಂಬಿಕೆ.

ನಮ್ಮ ಶಾಲೆಯಲ್ಲಿ ವೃಕ್ಷ ಪದ್ಧತಿಯ ಪ್ರಾತ್ಯಕ್ಷಿಕೆಗೆ ದಿನ ಗೊತ್ತಾಯಿತು. ಪರಿವೀಕ್ಷಕರಿಗಿಂತ ಮೇಲಿನವರು, ಅವರಿಗಿಂತ ಮೇಲಿನ ನಿರ್ದೇಶಕರು, ಎಲ್ಲರೂ ಬರುವವರಿದ್ದರು. ಕಾಯಂ ಆದೇಶಕ್ಕೆ ಸಹಿ ಬಿದ್ದಿದೆ, ವೇದಿಕೆಯ ಮೇಲೆಯೇ ಕೊಡುತ್ತಾರೆ ಎಂದು ಭಾವಮೈದ ಹಿಂದಿನ ದಿನವೇ ಅಕ್ಕನ ಮನೆಯಲ್ಲಿ ಕೂತು ಊಟ ಮಾಡಿಕೊಂಡು ಹೇಳಿಹೋದ. ಮುಂದಿನ ಸಾಲಿನ ನಡುವೆ ಬುಗುರಿಯೇ ನಿಲ್ಲಬೇಕು ಎಂದು ದೊಡ್ಡ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಬುಗುರಿಯೇ ನಿಂತಳೆಂದರೆ ಪದ್ಧತಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಬೆಳಗ್ಗೆ ಅಪ್ಪ, ಮಗಳು, ನಾನು ಮೂವರೂ ಒಟ್ಟಿಗೆ ನಡೆದುಹೋಗುತ್ತಿದ್ದೆವು. ಗೇಟಿನ ಹತ್ತಿರ ಅವಳು ನಿಂತುಬಿಟ್ಟಳು.

“ಮೋಡ ಇಲ್ದೇ ನಾನು ಮರ ಆಗಲ್ಲ.”

ಸೀಟಿ ಮೇಷ್ಟ್ರು ಅತ್ತಿತ್ತ ನೋಡಿ ಮಂಡಿಯೂರಿ ಕೂತರು. ಪ್ಯಾಂಟಿನ ಜೇಬಿನಿಂದ ಮಡಿಸಿದ ನೀಲಿ ಬಟ್ಟೆಯ ತುದಿಯನ್ನು ಎಳೆದು ತೋರಿಸಿದರು.

“ನಾನೇ ಮೋಡ ಆಗ್ತೀನಿ ಪುಟ್ಟಾ. ನಿಂಗೆ ಕೈ ನೋವಾದ ತಕ್ಷಣ ನನ್ನನ್ನ ನೋಡು, ಓಡಿಬಂದು ನೀರು ಹಾಕ್ತೀನಿ.”

“ಯಾರಿದ್ರೂ?”

“ಯಾರಿದ್ರೂ.”

ಶಾಮಿಯಾನ ವೇದಿಕೆಗೆ ಮಾತ್ರ ಹಾಕಿದ್ದರು; ಮರಗಳಿಗೆ ನೆರಳೇಕೆ ಎಂದು ದೊಡ್ಡ ಮೇಡಂ ತಮಾಷೆ ಮಾಡಿದ್ದರು. ಸೀಟಿ ಕೂಗಿತು, ಮಕ್ಕಳು ಕೈ ಎತ್ತಿದರು, ಭಾಷಣಗಳು ಶುರುವಾದವು. ಸ್ವಾಗತದವರು ಹತ್ತು ನಿಮಿಷ, ಪರಿವೀಕ್ಷಕರು ಇಪ್ಪತ್ತು, ಅವರ ಮೇಲಿನವರು ಇಪ್ಪತ್ತೈದು. ಮಕ್ಕಳು ಎಷ್ಟು ಸ್ಥಿರವಾಗಿ ನಿಂತಿದ್ದಾರೆ ಎಂದು ಪ್ರತಿಯೊಬ್ಬರೂ ಹೇಳುತ್ತ ಹೋದರು. ನಿರ್ದೇಶಕರು ಎದ್ದು, ಹೆಚ್ಚು ಮಾತಾಡುವುದಿಲ್ಲ ಎಂದು ಹೇಳಿದಾಗಲೇ ನನಗೆ ಭಯವಾಯಿತು. ಆ ಮಾತು ಹೇಳಿದವರು ಯಾರೂ ಅರ್ಧ ಗಂಟೆಗೆ ಮೊದಲು ಕೂತದ್ದನ್ನು ನಾನು ನೋಡಿಲ್ಲ.

ಹಿಂದಿನ ಸಾಲಿನಲ್ಲಿ ಇಬ್ಬರು ತೂಗಾಡತೊಡಗಿದರು. ಬುಗುರಿ ಅಪ್ಪನನ್ನು ನೋಡಿದಳು. ನಾನು ವೇದಿಕೆಯ ಪಕ್ಕದಲ್ಲಿದ್ದೆ, ಎರಡೂ ಮುಖಗಳು ನನಗೆ ಕಾಣುತ್ತಿದ್ದವು. ಸೀಟಿ ಮೇಷ್ಟ್ರ ಕೈ ಜೇಬಿಗೆ ಹೋಯಿತು. ನೀಲಿ ಬಟ್ಟೆ ಅರ್ಧ ಹೊರಗೆ ಬಂತು. ಒಂದು ಹೆಜ್ಜೆ ಮುಂದಿಟ್ಟರು. ಪೋಷಕರ ಸಾಲಿನಲ್ಲಿ ಭಾವಮೈದ ಕೈ ಅಡ್ಡ ಆಡಿಸಿದ. ಅವನ ಪಕ್ಕದಲ್ಲಿ ಅವರ ಹೆಂಡತಿ ಎರಡೂ ಕೈಗಳಿಂದ ಚೀಲವನ್ನು ಅವುಚಿಕೊಂಡು ಕೂತಿದ್ದರು. ಆದೇಶವನ್ನು ಮಡಿಕೆಯಾಗದಂತೆ ಒಯ್ಯಲು ಅದರಲ್ಲಿ ರಟ್ಟಿನ ಫೈಲು ತಂದಿದ್ದರು. ಸರಿಯಾಗಿ ಅದೇ ಹೊತ್ತಿಗೆ ನಿರ್ದೇಶಕರು ಮಾತು ನಿಲ್ಲಿಸಿ, ಈ ಪದ್ಧತಿಯ ಜನಕ ಎಲ್ಲಿದ್ದಾರೆ, ಅವರ ಆದೇಶ ನನ್ನ ಕೈಯಲ್ಲೇ ಇದೆ, ಬನ್ನಿ ಎಂದರು. ಎಲ್ಲರ ಕಣ್ಣುಗಳೂ ಸೀಟಿ ಮೇಷ್ಟ್ರ ಮೇಲೆ, ಅವರ ಕೈಯಲ್ಲಿದ್ದ ಬಟ್ಟೆಯ ಮೇಲೆ ಬಿದ್ದವು.

ಅವರು ವೇದಿಕೆಗೆ ಓಡಿದರು. ಕೈಯಲ್ಲಿದ್ದ ಬಟ್ಟೆಗೆ ಏನಾದರೊಂದು ಕಾರಣ ಬೇಕಾಗಿತ್ತು. ನಿರ್ದೇಶಕರ ಖಾಲಿ ಕುರ್ಚಿಯನ್ನು ಅದರಿಂದ ಚೆನ್ನಾಗಿ ಒರೆಸಿದರು, ಹಿಂಭಾಗವನ್ನೂ ಒರೆಸಿದರು. ಆಮೇಲೆ ಎರಡು ಕೈ ಚಾಚಿ ಆದೇಶ ತೆಗೆದುಕೊಂಡರು.

ಬುಗುರಿ ಅದನ್ನೆಲ್ಲ ನೋಡುತ್ತ ನಿಂತಿದ್ದಳು. ಕೈ ಇಳಿಸಲಿಲ್ಲ, ಅಳಲಿಲ್ಲ. ಅವಳ ಕಾಲ ಬುಡದಲ್ಲಿ ಮಣ್ಣು ಒದ್ದೆಯಾಗುತ್ತ ಬಂತು. ಬಿಳಿ ಕಾಲುಚೀಲ ಒದ್ದೆಯಾಯಿತು. ಮೊದಲು ಕಂಡವರು ನಿರ್ದೇಶಕರೇ. ಅವರು ಮೈಕಿನ ಹತ್ತಿರ ಬಂದು ಬೆರಳು ಮಾಡಿ ತೋರಿಸಿದರು.

“ನೋಡಿ, ಆ ಮಗುವನ್ನ ನೋಡಿ. ಇಷ್ಟಾದ್ರೂ ಕೈ ಇಳಿಸಿಲ್ಲ.”

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಿವೃತ್ತ ಹೆಡ್ ಗುಮಾಸ್ತರು ಕಣ್ಣೊರೆಸಿಕೊಂಡರು. ನಾನೂ ಚಪ್ಪಾಳೆ ತಟ್ಟಿದೆ. ಸುತ್ತ ಎಲ್ಲರೂ ತಟ್ಟುತ್ತಿರುವಾಗ ಒಬ್ಬನೇ ಕೈಕಟ್ಟಿ ನಿಲ್ಲುವುದು ಎಷ್ಟು ಕಷ್ಟ ಎಂದು ನಿಂತು ನೋಡದವರಿಗೆ ತಿಳಿಯುವುದಿಲ್ಲ, ನಾನೂ ನಿಂತು ನೋಡಲಿಲ್ಲ. ಜನ ಕರಗಿದ ಮೇಲೆ ಸೀಟಿ ಮೇಷ್ಟ್ರು ಹೋಗಿ ಮಗಳ ತಲೆ ಮುಟ್ಟಿ ‘ನೀರು’ ಎಂದರು. ಅವಳು ಕೈ ಇಳಿಸಿ, ನಡೆದುಕೊಂಡು, ಅಮ್ಮನ ಹತ್ತಿರ ಹೋದಳು.

ಆ ಆದೇಶವನ್ನು ಮೊದಲು ಪೂರ್ತಿ ಓದಿದವರು ಅವರ ಹೆಂಡತಿ. ಸೀಟಿ ಮೇಷ್ಟ್ರನ್ನು ಕಾಯಂಗೊಳಿಸಲಾಗಿತ್ತು, ಅದರಲ್ಲಿ ಸಂಶಯವಿರಲಿಲ್ಲ. ಎರಡನೆಯ ಪುಟದಲ್ಲಿ ಉಳಿದದ್ದಿತ್ತು. ವೃಕ್ಷ ಪದ್ಧತಿಯಲ್ಲಿ ಮಗುವೊಂದಕ್ಕೆ ಒಂದು ಚದರಡಿ ಜಾಗ ಸಾಕಾಗುವುದರಿಂದ, ಇನ್ನು ಮುಂದೆ ಆಟವನ್ನು ತರಗತಿಯೊಳಗೆ ಬೆಂಚುಗಳ ನಡುವೆ ಆಡಿಸತಕ್ಕದ್ದು. ನಿಲ್ಲಿ ಎಂದು ಹೇಳಲು ಯಾವ ಶಿಕ್ಷಕರಿಗಾದರೂ ಬರುವುದರಿಂದ ಆಟದ ಮೇಷ್ಟ್ರ ಹುದ್ದೆಯನ್ನು ರದ್ದು ಮಾಡಲಾಗಿದೆ. ತೆರವಾದ ಮೈದಾನವನ್ನು ಕಚೇರಿಯ ವಾಹನಗಳ ನಿಲುಗಡೆಗೆ ಕೊಡಲಾಗಿದೆ, ಸದರಿ ನಿಲುಗಡೆಯ ಉಸ್ತುವಾರಿಗೆ ಇವರನ್ನು ಕಾಯಂ ಆಗಿ ನೇಮಿಸಲಾಗಿದೆ. ಭಾವಮೈದ ಈ ಎರಡನೆಯ ಪುಟವನ್ನು ಹೇಗೆ ಓದದೆ ಬಿಟ್ಟ ಎಂದು ಯಾರೂ ಕೇಳಲಿಲ್ಲ. ಕಾಯಂ ಕಾಯಂನೇ ಅಲ್ಲವೇ ಭಾವ ಎಂದು ಅವನೇ ಹೇಳಿದ. ಅವರ ಹೆಂಡತಿ ಹನ್ನೊಂದು ಕಾಗದಗಳನ್ನು ಬೀರುವಿನಿಂದ ತೆಗೆದು ಒಲೆಗೆ ಹಾಕಿ, ಆ ಜಾಗದಲ್ಲಿ ರಟ್ಟಿನ ಫೈಲು ಇಟ್ಟರು.

ಈಗ ಎರಡು ವರ್ಷವಾಯಿತು. ಸುಣ್ಣದ ಗೆರೆ ಎಳೆಯುವುದು ಸೀಟಿ ಮೇಷ್ಟ್ರಿಗೆ ಮೊದಲೇ ಬರುತ್ತಿತ್ತು. ಒಂದೊಂದು ಗಾಡಿಗೂ ಒಂದೊಂದು ಚೌಕ ಎಳೆದಿದ್ದಾರೆ. ಅದೇ ಜಾಗ, ಕೊರಳಲ್ಲಿ ಅದೇ ಸೀಟಿ. ಗಾಡಿಗಳು ಹಿಂದಕ್ಕೆ ಬರುವಾಗ ಊದುತ್ತಾರೆ, ಬರಲಿ ಬರಲಿ ಎನ್ನುತ್ತಾರೆ, ನಿಂತ ಮೇಲೆ ನೀಲಿ ಬಟ್ಟೆಯಿಂದ ಗಾಜು ಒರೆಸುತ್ತಾರೆ. ಬೀದಿಯಲ್ಲಿ ಅವರ ಮಗಳನ್ನು ಈಗ ಯಾರೂ ಬುಗುರಿ ಎನ್ನುವುದಿಲ್ಲ. ಬಹಳ ಒಳ್ಳೆಯ ಹುಡುಗಿ ಎನ್ನುತ್ತಾರೆ.

ಶಾಲೆ ಬಿಟ್ಟ ಮೇಲೆ ಅವಳು ಅಲ್ಲಿಗೆ ಬಂದು ಗೋಡೆಗೆ ಒರಗಿ ಅಪ್ಪನ ಕೆಲಸ ಮುಗಿಯುವವರೆಗೆ ನಿಂತಿರುತ್ತಾಳೆ. ಮೊನ್ನೆ ಒಂದು ಸಂಜೆ ಗಾಡಿಗಳೆಲ್ಲ ಬೇಗ ಹೊರಟುಹೋಗಿ ಮೈದಾನ ಪೂರ್ತಿ ಖಾಲಿಯಾಗಿತ್ತು. ನಾನು ಮನೆಗೆ ಹೊರಟವನು ಗೇಟಿನಲ್ಲಿ ನಿಂತೆ. ಸೀಟಿ ಮೇಷ್ಟ್ರು ಸುತ್ತ ಕಣ್ಣಾಡಿಸಿದರು. ಬಟ್ಟೆಯನ್ನು ಒದರಿ ಹೆಗಲ ಮೇಲೆ ಹಾಕಿಕೊಂಡರು, ಐವತ್ತು ದಾಟಿದ ಕಾಲಿನಲ್ಲಿ ಅಷ್ಟು ದೂರದಿಂದ ಓಡಿಬಂದು ಮಗಳ ತಲೆ ಮುಟ್ಟಿದರು.

“ನೀರು,” ಎಂದರು ಏದುಸಿರು ಬಿಡುತ್ತ. “ಓಡು ಪುಟ್ಟಾ. ಯಾರೂ ಇಲ್ಲ. ಓಡು.”

ಅವಳು ಅಪ್ಪನ ಮುಖವನ್ನು ನೋಡಿದಳು, ಆಮೇಲೆ ತಲೆಯ ಮೇಲೆ ಗೋಡೆಗೆ ಹಾಕಿದ್ದ ಬೋರ್ಡನ್ನು ನೋಡಿದಳು. ಈಗ ಅವಳು ಗಟ್ಟಿಯಾಗಿ ಓದುವುದನ್ನು ಬಿಟ್ಟಿದ್ದಾಳೆ, ಮೆಲ್ಲಗೆ ಹೇಳಿದಳು.

“ಇಲ್ಲಿ ಓಡಬಾರದು ಅಪ್ಪ.”

ಬೋರ್ಡಿನಲ್ಲಿ ಹಾಗೆಯೇ ಇದೆ. ಅಕ್ಷರಗಳು ಬಹಳ ದುಂಡಗಿವೆ, ಮೂಲೆಯಲ್ಲಿ ಎರಡು ಎಲೆಗಳೂ ಇವೆ. ಬರೆದವನು ನಾನು.